ಕಳೆ ಹೊಡೆಯೋ ಮೆಷಿನ್ನಿನ ಇಂಜಿನ್ ಅಷ್ಟು ದೂರ ತಡೆಯುತ್ತಾ?

ದಾರಿಯಲ್ಲಿ ಸೈಕಲ್ ನಿಲ್ಲಿಸಿ ಟೀ ಕುಡಿಯಲು ಕೂತರೆ ಸಾಕು, ಯಾರಾದರೂ ಬಂದು ಬಗ್ಗಿ ನೋಡುತ್ತಾರೆ. ಸೈಕಲ್ಲಿನ ಹಿಂದಿನ ಚಕ್ರದ ಮೇಲೆ ನಾನೇ ಕೂರಿಸಿರುವ ಇಂಜಿನ್ ಅವರಿಗೆ ಹೊಸದೇನಲ್ಲ. ನಮ್ಮ ಸಾಗರದ ಕಡೆ ಅಡಿಕೆ ತೋಟ ಇರುವವರೆಲ್ಲ ಅದರ ಶಬ್ದ ಕೇಳಿಯೇ ಇರುತ್ತಾರೆ. "ಇದು ಕಳೆ ಹೊಡೆಯೋ ಮೆಷಿನ್ದಲ್ವಾ?" ಅಂತ ಶುರು ಮಾಡುತ್ತಾರೆ. ಹೌದು ಅಂದ ಕೂಡಲೇ ಮುಂದಿನ ಪ್ರಶ್ನೆ: "ಅಲ್ಲ ಮಾರಾಯ್ರೆ, ಇದರಲ್ಲಿ ಹಂಪಿ ತನಕ ಹೋಗಿದ್ರಾ? ಅಷ್ಟು ದೂರ ಈ ಇಂಜಿನ್ ತಡೆಯುತ್ತಾ?"

ತಡೆಯುತ್ತದೆ. ತೋಟದಲ್ಲಿ ಅದು ಮಾಡುವ ಕೆಲಸ ಯೋಚಿಸಿ ನೋಡಿ. ಹೆಗಲಿಗೆ ನೇತು ಹಾಕಿಕೊಂಡು ದಿನಕ್ಕೆ ಐದಾರು ಗಂಟೆ ಓಡಿಸುತ್ತೇವೆ. ಇಳಿಜಾರಲ್ಲಿ ಓರೆಯಾಗಿ, ಒದ್ದೆ ಹುಲ್ಲಿನಲ್ಲಿ, ಗಾಳಿ ಆಡದ ಜಾಗದಲ್ಲಿ. ಸೈಕಲ್ ಮೇಲೆ ಅದು ನೆಟ್ಟಗೆ ಕೂತಿರುತ್ತದೆ, ಮುಖಕ್ಕೆ ಗಾಳಿ ಬರುತ್ತದೆ. ನನ್ನದು ಹೋಂಡಾ ಜಿಎಕ್ಸ್ 25. ಹೆಸರೇ ಹೇಳುವಂತೆ 25 ಸಿಸಿ, ಫೋರ್ ಸ್ಟ್ರೋಕ್. ಬರೀ ಇಂಜಿನ್ ತೂಕ ಸುಮಾರು 3 ಕೆ.ಜಿ. ನಿಮಿಷಕ್ಕೆ 7000 ಸುತ್ತು ತಿರುಗುವಾಗ 0.72 ಕಿಲೋವಾಟ್, ಅಂದರೆ ಒಂದು ಎಚ್‌ಪಿ ಹತ್ತಿರ. ಮನೆಯ ಮೆಷಿನ್ನಿನ ಉದ್ದ ಪೈಪು ಬಗ್ಗಿಹೋಗಿ ಮೂಲೆ ಸೇರಿತ್ತು. ಇಂಜಿನ್ ಮಾತ್ರ ಮೊದಲ ದಿನದ ಹಾಗೇ ಇತ್ತು.

ಹಾಗಾಗಿ ಇಂಜಿನ್ ಬಗ್ಗೆ ನನಗೆ ಯಾವತ್ತೂ ಚಿಂತೆ ಇರಲಿಲ್ಲ. ದೂರದ ದಾರಿಯಲ್ಲಿ ಕೈಕೊಡುವುದು ಅದರ ಸುತ್ತ ನಾವು ಕಟ್ಟಿದ್ದು. ನನಗೆ ಎಂಟು ತಿಂಗಳು ಹಿಡಿದದ್ದೂ ಅಲ್ಲೇ.

ಮೊದಲು ನಾನು ಸುಲಭದ ದಾರಿ ಹಿಡಿದೆ. ಇಂಜಿನ್ ಶಾಫ್ಟಿಗೆ ಒಂದು ರೋಲರ್ ಹಾಕಿ ಅದನ್ನು ಟಯರಿಗೆ ಒತ್ತಿಸುವುದು. ಚೈನು ಬೇಡ, ಗೇರು ಬೇಡ. 25 ಮಿ.ಮೀ. ದಪ್ಪದ ರೋಲರ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೈಕಲ್ ಗಂಟೆಗೆ 28 ಕಿ.ಮೀ. ಓಡುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಓಡಿತು. ಜೂನ್ ಮೊದಲ ಮಳೆಗೆ ರೋಲರ್ ಒದ್ದೆ ಟಯರಿನ ಮೇಲೆ ಜಾರಿಕೊಂಡು ಸುಮ್ನೆ ತಿರುಗಿತು, ಸೈಕಲ್ ಮುಂದೆ ಹೋಗಲಿಲ್ಲ. ಒತ್ತಡ ಜಾಸ್ತಿ ಮಾಡಿದೆ, ಟಯರಿನ ನಡು ಹರಿಯಿತು. ಮಲೆನಾಡಿನಲ್ಲಿ ಇದು ಆಗುವ ಕೆಲಸವಲ್ಲ. ಬಯಲುಸೀಮೆಯವರು ಬೇಕಿದ್ದರೆ ಮಾಡಿ ನೋಡಬಹುದು.

ಆಮೇಲೆ ಚೈನಿಗೆ ಬಂದೆ. ಇದರ ಲೆಕ್ಕ ಕಷ್ಟದ್ದಲ್ಲ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಹೋಗುತ್ತದೆ. ಗಂಟೆಗೆ 25 ಕಿ.ಮೀ. ಓಡಲು ಚಕ್ರ ನಿಮಿಷಕ್ಕೆ 200 ಸುತ್ತು ತಿರುಗಬೇಕು. ಇಂಜಿನ್ 6000 ತಿರುಗುತ್ತದೆ. ಅಂದರೆ 30ಕ್ಕೆ 1. ಒಂದೇ ಏಟಿಗೆ ಅಷ್ಟು ಇಳಿಸಲು ಆಗುವುದಿಲ್ಲ. ಮೊದಲು ಹಲ್ಲಿನ ಬೆಲ್ಟಿನಲ್ಲಿ 5ಕ್ಕೆ 1, ಆಮೇಲೆ 10 ಹಲ್ಲಿನಿಂದ 60 ಹಲ್ಲಿಗೆ ಚೈನು, 6ಕ್ಕೆ 1. ನಡುವಿನ ಶಾಫ್ಟಿನಲ್ಲಿ ಒಂದು ಫ್ರೀವೀಲ್ ಇದೆ. ಇಂಜಿನ್ ಆಫ್ ಮಾಡಿ ಬರೀ ಪೆಡಲ್ ತುಳಿಯುವಾಗ ಬೆಲ್ಟು ಇಂಜಿನ್ನು ಯಾವುದೂ ಎಳೆಯುವುದಿಲ್ಲ. ಈ ಫ್ರೀವೀಲ್ ಒಂದನ್ನು ಯಾರೂ ಬಿಡಬೇಡಿ. ಅದಿಲ್ಲದಿದ್ದರೆ ನಿಮ್ಮ ಹತ್ತಿರ ಇರುವುದು ಸೈಕಲ್ ಅಲ್ಲ, ಭಾರದ ಗಾಡಿ.

ದೊಡ್ಡ ಸ್ಪ್ರಾಕೆಟನ್ನು, ಅಂದರೆ ಚೈನು ಕೂರುವ ಆ 60 ಹಲ್ಲಿನ ಬಿಲ್ಲೆಯನ್ನು, ಚಕ್ರಕ್ಕೆ ಹೇಗೆ ಕೂರಿಸುತ್ತೀರಿ ಅನ್ನುವುದರ ಮೇಲೆ ತುಂಬಾ ನಿಂತಿದೆ. ಸೈಕಲ್ಲಿಗೆ ಇಂಜಿನ್ ಹಾಕಲು ಪೇಟೆಯಲ್ಲಿ ಸಿಗುವ ಕಿಟ್ಟುಗಳಲ್ಲಿ ಅದನ್ನು ಕಡ್ಡಿಗಳ ನಡುವೆ ರಬ್ಬರ್ ಇಟ್ಟು ಬಿಗಿಯುತ್ತಾರೆ. ಎಳೆತವೆಲ್ಲ ಕಡ್ಡಿಗಳ ಮೇಲೆ ಬೀಳುತ್ತದೆ. ನನ್ನ ಗೆಳೆಯನೊಬ್ಬನ ಚಕ್ರದಲ್ಲಿ ವಾರಕ್ಕೊಂದು ಕಡ್ಡಿ ಮುರಿಯುತ್ತಿತ್ತು. ನಾನು ಡಿಸ್ಕ್ ಬ್ರೇಕಿನ ಹಬ್ ತಂದು, ಡಿಸ್ಕ್ ಕೂರುವ ಆರು ಬೋಲ್ಟಿನ ಜಾಗಕ್ಕೆ ಸ್ಪ್ರಾಕೆಟ್ ಹಾಕಿದೆ. ಇದುವರೆಗೆ ಒಂದೂ ಕಡ್ಡಿ ಮುರಿದಿಲ್ಲ. ಹಿಂದಿನ ಡಿಸ್ಕ್ ಬ್ರೇಕ್ ಹೋಯಿತು, ಅಲ್ಲಿ ರಿಮ್ಮು ಹಿಡಿಯುವ ಬ್ರೇಕ್ ಇದೆ. ಮುಂದೆ ಡಿಸ್ಕ್ ಇದೆ.

ಇಷ್ಟೆಲ್ಲ ಮಾಡಿ ಹಂಪಿಗೆ ಹೊರಟೆ. ಶಿಕಾರಿಪುರ, ಹೊನ್ನಾಳಿ, ಹರಿಹರ, ಹರಪನಹಳ್ಳಿ, ಹೊಸಪೇಟೆ. ಮೂರು ದಿನದ ದಾರಿ. ಎರಡನೇ ದಿನ ಮಧ್ಯಾಹ್ನ ಹರಪನಹಳ್ಳಿ ದಾಟಿದ ಮೇಲೆ ಶಬ್ದ ಬದಲಾಯಿತು. ನಿಲ್ಲಿಸಿ ನೋಡಿದರೆ ಇಂಜಿನ್ ಹಿಡಿದಿದ್ದ ಕಬ್ಬಿಣದ ಪಟ್ಟಿ ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯಷ್ಟು ಸೀಳಿತ್ತು. ಬೆರಳಿಟ್ಟು ಒತ್ತಿದರೆ ಬಾಯಿ ಬಿಡುತ್ತಿತ್ತು. ತಳ್ಳಿಕೊಂಡು ಮುಂದಿನ ಹಳ್ಳಿಗೆ ಹೋದೆ. ಅಲ್ಲಿ ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡುವ ಒಂದು ವೆಲ್ಡಿಂಗ್ ಅಂಗಡಿ ಸಿಕ್ಕಿತು. ಇದರ ಮೇಲೆ ಇನ್ನೊಂದು ದಪ್ಪ ಪಟ್ಟಿ ಹಾಕಿ ಗಟ್ಟಿ ಮಾಡಿಕೊಡಿ ಅಂದೆ. ಆ ಹುಡುಗ ಇಂಜಿನ್ ಸ್ಟಾರ್ಟ್ ಮಾಡಿಸಿ, ಪಟ್ಟಿಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತ.

"ನೀವು ಎಷ್ಟು ಗಟ್ಟಿ ಮಾಡ್ತೀರೋ ಅಷ್ಟು ಲಗೂನ ಸೀಳ್ತೈತಣ್ಣ," ಅಂದ. "ಅದಕ್ಕ ಒಂಚೂರು ಅಲ್ಲಾಡಾಕ ಬಿಡ್ರಿ."

ಸೀಳನ್ನು ಬೆಸೆದು, ಹಳೇ ಟ್ರ್ಯಾಕ್ಟರ್ ಟಯರಿನಿಂದ ನಾಲ್ಕು ತುಂಡು ಕತ್ತರಿಸಿ, ಇಂಜಿನ್ನಿಗೂ ಪಟ್ಟಿಗೂ ನಡುವೆ ಇಟ್ಟು ಬೋಲ್ಟ್ ಹಾಕಿದ. ಹಿಡಿಕೆಯ ನಡುಕ ಅರ್ಧಕ್ಕೆ ಇಳಿಯಿತು. ಸಂಜೆ ತನಕ ಜೋಮು ಹಿಡಿದು ಮರಗಟ್ಟುತ್ತಿದ್ದ ನನ್ನ ಬೆರಳುಗಳು ಮರುದಿನ ಸರಿಯಾಗಿದ್ದವು. ನಿಮಿಷಕ್ಕೆ 6000 ಸುತ್ತು ಅಂದರೆ ಸೆಕೆಂಡಿಗೆ 100, ಗಂಟೆಗೆ 3,60,000 ಸಲ ಒಂದೇ ಜಾಗಕ್ಕೆ ಬೀಳುವ ಏಟು. ಈ ಲೆಕ್ಕ ನನಗೆ ಮೊದಲೇ ಗೊತ್ತಿತ್ತು. ಅದನ್ನು ಕೈಯಲ್ಲಿ ಮುಟ್ಟಿ ತಿಳಿದದ್ದು ಅವನು. ಆ ನಾಲ್ಕು ತುಂಡು ರಬ್ಬರ್ ಈಗಲೂ ಅಲ್ಲೇ ಇವೆ.

ಆ ಮೇಲೆ ಸೈಕಲ್ ಮೇಲಿನ ಒಂದೊಂದು ಬೋಲ್ಟನ್ನೂ ಬಿಚ್ಚಿ ಮತ್ತೆ ಹಾಕಿದೆ. ಒಟ್ಟು 22 ಇವೆ. ಎಲ್ಲದಕ್ಕೂ ಒಳಗೆ ನೈಲಾನ್ ಇರುವ ನಟ್ಟು. ಬಿಗಿದ ಮೇಲೆ ನಟ್ಟಿನಿಂದ ಪಟ್ಟಿಗೆ ದಾಟುವ ಹಾಗೆ ಕೆಂಪು ನೈಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ದಾರಿಯಲ್ಲಿದ್ದಾಗ ಬೆಳಿಗ್ಗೆ ಟೀ ಹಿಡಿದುಕೊಂಡು 22 ಗೆರೆ ನೋಡುತ್ತೇನೆ. ಗೆರೆ ಮುರಿದಿದ್ದರೆ ನಟ್ಟು ಸಡಿಲ ಅಂತ ಅರ್ಥ. ಎರಡು ನಿಮಿಷದ ಕೆಲಸ.

ಘಟ್ಟ ಹತ್ತುತ್ತಾ ಅಂತಲೂ ಕೇಳುತ್ತಾರೆ. ನಾನು, ಸೈಕಲ್, ಸಾಮಾನು ಎಲ್ಲ ಸೇರಿ 110 ಕೆ.ಜಿ. 100 ಮೀಟರಿಗೆ 5 ಮೀಟರ್ ಏರುವ ರಸ್ತೆಯ ತನಕ ಇಂಜಿನ್ ಒಂದೇ ಎಳೆಯುತ್ತದೆ. ಅದಕ್ಕಿಂತ ಕಡಿದಾದರೆ ತುಳಿಯಲೇಬೇಕು. ಸುತ್ತು 4000ದ ಆಸುಪಾಸಿಗೆ ಇಳಿದರೆ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಗ ಎಕ್ಸಲೇಟರ್ ತಿರುವಿ ಪ್ರಯೋಜನವಿಲ್ಲ. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಬರುವಾಗ ಕೆಲವು ತಿರುವುಗಳಲ್ಲಿ ಇಳಿದು ತಳ್ಳಿದ್ದೇನೆ. ನನಗೆ ಭಯ ಇರುವುದು ಇಳಿಯುವಾಗ. ಬೈಕಿನ ಹಾಗೆ ಇಂಜಿನ್ ಹಿಡಿದು ನಿಧಾನ ಮಾಡುವುದಿಲ್ಲ, ಫ್ರೀವೀಲ್ ಇದೆಯಲ್ಲ. 110 ಕೆ.ಜಿ.ಯನ್ನು ಬ್ರೇಕ್ ಮಾತ್ರ ಹಿಡಿಯಬೇಕು. ಘಟ್ಟದ ನಡುವೆ ಎರಡು ಕಡೆ ನಿಲ್ಲಿಸಿ ರಿಮ್ ಮುಟ್ಟಿ ನೋಡುತ್ತೇನೆ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಹತ್ತು ನಿಮಿಷ ಕೂರುತ್ತೇನೆ.

ಪೆಟ್ರೋಲು ಲೀಟರಿಗೆ 70 ಕಿ.ಮೀ. ಸಿಗುತ್ತದೆ. ಇಂಜಿನ್ನಿನ ಸ್ವಂತ ಟ್ಯಾಂಕಿಗೆ ಅರ್ಧ ಲೀಟರ್ ಮೇಲೆ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಅದಕ್ಕೇ ಕ್ಯಾರಿಯರ್ ಮೇಲೆ ಎರಡೂವರೆ ಲೀಟರಿನ ಟ್ಯಾಂಕ್ ಇಟ್ಟಿದ್ದೇನೆ. ಈ ಕಾರ್ಬೊರೇಟರಿಗೆ ಪೆಟ್ರೋಲ್ ಹೋಗುವ ಪೈಪಿನ ಜೊತೆಗೆ ವಾಪಸ್ ಬರುವ ಪೈಪೂ ಇರುತ್ತದೆ, ಹೊಸ ಟ್ಯಾಂಕಿಗೆ ಎರಡೂ ತೂತು ಬೇಕು. ಇನ್ನೊಂದು ಮಾತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಈ ಇಂಜಿನ್ನಿನ ಪುಸ್ತಕ ಹೇಳುವುದು ಶೇ. 10ರ ತನಕ. ಹಾಗಾಗಿ ವಾರಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿಡುತ್ತೇನೆ. ಆಯಿಲ್ 50 ಗಂಟೆಗೊಮ್ಮೆ ಬದಲಾಯಿಸಿ ಅಂತಿದೆ. ಹಿಡಿಯುವುದೇ 80 ಮಿ.ಲೀ., ಒಂದು ಸಣ್ಣ ಟೀ ಲೋಟದಷ್ಟು. ನಾನು 400 ಕಿ.ಮೀ.ಗೆ ಬದಲಾಯಿಸುತ್ತೇನೆ.

ಪೊಲೀಸರು ಹಿಡಿಯಲ್ವಾ? 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28) ಓದಿ. ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು, ಇಂಜಿನ್ 25 ಸಿಸಿ ಮೀರದಿದ್ದರೆ ಅದು ಆ ಕಾಯ್ದೆಯ ಪ್ರಕಾರ ಮೋಟಾರು ವಾಹನವೇ ಅಲ್ಲ. ನಾನು 35 ಸಿಸಿ ಇಂಜಿನ್ ಬಿಟ್ಟು ಇದನ್ನು ಹಾಕಿದ್ದು ಇದೇ ಕಾರಣಕ್ಕೆ. ಆ ಸೆಕ್ಷನ್ನಿನ ಪ್ರಿಂಟ್ ಮತ್ತು ಮೆಷಿನ್ನಿನ ಬಿಲ್ಲು ಬ್ಯಾಗಿನಲ್ಲಿರುತ್ತದೆ. 80 ಸಿಸಿ ಕಿಟ್ ಹಾಕಿ ಓಡಾಡುತ್ತೇನೆ ಅನ್ನುವವರಿಗೆ ಬೇಡ ಅಂತಲೇ ಹೇಳುತ್ತೇನೆ. ರಿಜಿಸ್ಟ್ರೇಶನ್ ಇಲ್ಲ, ಇನ್ಶೂರೆನ್ಸ್ ಇಲ್ಲ. ಸೈಕಲ್ ಬ್ರೇಕು ಆ ವೇಗಕ್ಕೆ ಮಾಡಿದ್ದೂ ಅಲ್ಲ.

ಕೊನೆಗೆ ಎಲ್ಲರೂ ಹೇಳುವ ಮಾತು: "ಅದೇ ದುಡ್ಡಿಗೆ ಹಳೇ ಬೈಕ್ ಬರ್ತಿತ್ತಲ್ಲ?" ಬರುತ್ತಿತ್ತು. ಮೈಲೇಜೂ ಇಷ್ಟೇ ಕೊಡುತ್ತಿತ್ತು. ಬೇಗ ಊರು ಮುಟ್ಟಬೇಕಾದವರು ಅದನ್ನೇ ತಗೊಳ್ಳಿ. ಊರೊಳಗೆ ಓಡಾಡಲು ಬ್ಯಾಟರಿ ಸೈಕಲ್ ಇನ್ನೂ ಒಳ್ಳೆಯದು. ನನ್ನ ಕಥೆ ಬೇರೆ. ಇಪ್ಪತ್ತು ವರ್ಷ ಸೈಕಲ್ ತುಳಿದು ಊರೂರು ಸುತ್ತಿದವನು ನಾನು. 44ನೇ ವಯಸ್ಸಿಗೆ ಬಲ ಮಂಡಿ ಹೋಯಿತು. ಸಮ ರಸ್ತೆಯಲ್ಲಿ ತುಳಿಯಿರಿ, ಏರು ಬೇಡ ಅಂದರು ಡಾಕ್ಟರು. ಸಾಗರದಲ್ಲಿ ಸಮ ರಸ್ತೆ ಎಲ್ಲಿದೆ? ಅಪ್ಪಯ್ಯನ ಹತ್ತಿರ ಒಂದು ಲೂನಾ ಇತ್ತು. ಏರು ಬಂದಾಗ ಅವರು ಪೆಡಲ್ ತುಳಿದು ಇಂಜಿನ್ನಿಗೆ ಕೈ ಜೋಡಿಸುತ್ತಿದ್ದದ್ದು ಆಗ ನೆನಪಾಯಿತು. ಜಪಾನಿನಲ್ಲಿ ಸೊಯಿಚಿರೊ ಹೋಂಡಾ 1946ರಲ್ಲಿ ಮಾಡಿದ್ದೂ ಇದನ್ನೇ. ಸೈನ್ಯದ ವೈರ್‌ಲೆಸ್ ಸೆಟ್ಟಿಗೆ ಕರೆಂಟು ಕೊಡುತ್ತಿದ್ದ ಪುಟ್ಟ ಇಂಜಿನ್ನನ್ನು ಸೈಕಲ್ಲಿಗೆ ಕಟ್ಟಿ, ಬಿಸಿನೀರಿನ ಡಬ್ಬಿಯನ್ನು ಪೆಟ್ರೋಲ್ ಟ್ಯಾಂಕ್ ಮಾಡಿಕೊಂಡು, ಹೆಂಡತಿ ಸಾಚಿಯ ಕೈಗೆ ಓಡಿಸಿ ನೋಡಲು ಕೊಟ್ಟರು.

ಗಂಟೆಗೆ 22, 23 ಕಿ.ಮೀ. ಓಡುವಾಗ ಗದ್ದೆಯಲ್ಲಿ ಕೆಲಸ ಮಾಡುವವರ ಮುಖ ಕಾಣುತ್ತದೆ. ಕೈ ಎತ್ತಿದರೆ ಅವರೂ ಎತ್ತುತ್ತಾರೆ. ಪೆಟ್ರೋಲ್ ಮುಗಿದರೆ ತುಳಿದುಕೊಂಡು ಹೋಗುತ್ತೇನೆ. ದಿನಕ್ಕೆ 100 ಕಿ.ಮೀ. ಆದ ಮೇಲೂ ಮಂಡಿ ನೋಯುವುದಿಲ್ಲ. ನನಗೆ ಬೇಕಾಗಿದ್ದು ಇದೇ.

ಮಾಡಿಕೊಡ್ತೀರಾ ಅಂತ ಕೇಳುವವರಿಗೆ ಒಂದು ಕೆಲಸ ಹೇಳುತ್ತೇನೆ. ಇಂಜಿನ್ ಹುಡುಕುವ ಮೊದಲು ನಿಮ್ಮ ಸೈಕಲ್ ಕ್ಯಾರಿಯರಿಗೆ 15 ಕೆ.ಜಿ. ಅಕ್ಕಿ ಮೂಟೆ ಕಟ್ಟಿ ಎರಡು ದಿನದಲ್ಲಿ 100 ಕಿ.ಮೀ. ತುಳಿದು ಬನ್ನಿ. ಏನು ಸಡಿಲವಾಯಿತು, ಏನು ಸವೆಯಿತು, ಸೀಟು ಎಲ್ಲಿ ಒತ್ತಿತು, ಇಳಿಜಾರಿನಲ್ಲಿ ಬ್ರೇಕ್ ಹಿಡಿಯಿತಾ ಅಂತ ಬರೆದುಕೊಳ್ಳಿ. ಆ ಚೀಟಿ ಹಿಡಿದುಕೊಂಡು ಬನ್ನಿ, ಕೂತು ಮಾತಾಡೋಣ.