ಸಂಕಲ್ಪ: ‘ಕರಿಷ್ಯೇ’ ಎನ್ನುವ ತನಕ

ಪೂಜೆಗೆ ಕೂತವರ ಕೈಗೆ ಅಕ್ಷತೆ ಕೊಟ್ಟು ಪುರೋಹಿತರು ಒಂದೇ ಉಸಿರಿಗೆ ಹೇಳಿ ಮುಗಿಸುವ ಸಂಕಲ್ಪವನ್ನು ಬಹಳ ಜನ ದೇವರ ಮುಂದಿಡುವ ಬೇಡಿಕೆ ಅಂದುಕೊಂಡಿದ್ದಾರೆ. ಬೇಡಿಕೆ ಅದರಲ್ಲಿ ಒಂದು ತುಂಡು ಮಾತ್ರ. ಛಾಂದೋಗ್ಯ ಉಪನಿಷತ್ತಿನ 7ನೇ ಅಧ್ಯಾಯದಲ್ಲಿ ಸನತ್ಕುಮಾರರು ನಾರದರಿಗೆ ಹೇಳುವ ಕ್ರಮ ನೋಡಿ: ಮೊದಲು ಸಂಕಲ್ಪ, ಆಮೇಲೆ ಮನಸ್ಸು, ಆಮೇಲೆ ಮಾತು. ‘ಇದನ್ನು ಮಾಡಿಯೇ ಮಾಡುತ್ತೇನೆ’ ಎಂಬ ನಿಶ್ಚಯ ಅದು. ಗೀತೆಯ 6ನೇ ಅಧ್ಯಾಯ ಬಿಡು ಎನ್ನುವ ಸಂಕಲ್ಪವೇ ಬೇರೆ, ಅದು ಫಲದ ಆಸೆ.

ಪೂಜೆಯ ಸಂಕಲ್ಪ ಇಡೀ ಒಂದೇ ವಾಕ್ಯ, ಕ್ರಿಯಾಪದ ‘ಕರಿಷ್ಯೇ’ (ಮಾಡುತ್ತೇನೆ) ಕಟ್ಟಕಡೆಗೆ. ಅಲ್ಲಿಯವರೆಗೂ ಯಾವಾಗ, ಎಲ್ಲಿ, ಯಾರು, ಯಾತಕ್ಕೆ ಎಂಬ ವಿವರ. ಕಾಲ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ‘ದ್ವಿತೀಯಪರಾರ್ಧೇ’ ಅಂದರೆ ಬ್ರಹ್ಮನ ಆಯುಸ್ಸಿನ 50 ವರ್ಷ ಮುಗಿದಿದೆ. ‘ಶ್ವೇತವರಾಹಕಲ್ಪೇ’ ಅವನ ಈಗಿನ ಹಗಲು, 432 ಕೋಟಿ ವರ್ಷ. ಅದರಲ್ಲಿ 14 ಮನುಗಳು, ‘ವೈವಸ್ವತ’ 7ನೆಯವನು. ಅವನ 28ನೇ ಚತುರ್ಯುಗದ ಕಲಿಯುಗಕ್ಕೆ 4,32,000 ವರ್ಷ. 5,000 ಚಿಲ್ಲರೆಯಷ್ಟೇ ಕಳೆದಿರುವುದರಿಂದ ‘ಪ್ರಥಮಪಾದೇ’, ಅಂದರೆ ಮೊದಲ ಕಾಲುಭಾಗದಲ್ಲಿ. ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ.

ಎಡವುವುದು ಮಾಸದಲ್ಲಿ. ನಮ್ಮದು ಅಮಾವಾಸ್ಯೆಗೆ ಮುಗಿಯುವ ತಿಂಗಳು, ಉತ್ತರದವರದು ಹುಣ್ಣಿಮೆಗೆ. ಶಿವರಾತ್ರಿ ನಮಗೆ ಮಾಘ ಕೃಷ್ಣ ಚತುರ್ದಶಿ, ಅವರಿಗೆ ಫಾಲ್ಗುಣ. ಉತ್ತರದ ಲೆಕ್ಕ ತೋರಿಸುವ ಮೊಬೈಲಿನ ಆ್ಯಪ್ ನೋಡಿ ಓದುವವರು ಕೃಷ್ಣಪಕ್ಷದಲ್ಲಿ ಒಂದು ತಿಂಗಳು ಮುಂದಕ್ಕೆ ಹೋಗಿಬಿಡುತ್ತಾರೆ. ಸಂವತ್ಸರದ ಹೆಸರೂ ಅಲ್ಲಿ ಬೇರೆ. ವಿದೇಶದಲ್ಲಿರುವವರು ಬೆಂಗಳೂರಿನ ಪಂಚಾಂಗ ಹಿಡಿದರೆ ತಿಥಿಯೇ ತಪ್ಪುತ್ತದೆ: ಇಲ್ಲಿ ಬೆಳಗ್ಗೆ 8ಕ್ಕೆ ಮುಗಿಯುವ ತಿಥಿ ಬೇಸಿಗೆಯ ಚಿಕಾಗೋದಲ್ಲಿ ಹಿಂದಿನ ರಾತ್ರಿ 9.30ಕ್ಕೇ ಮುಗಿದಿರುತ್ತದೆ.

ಇನ್ನು ಸ್ಥಳ. ‘ದಂಡಕಾರಣ್ಯೇ ಗೋದಾವರ್ಯಾಃ ದಕ್ಷಿಣೇ ತೀರೇ’ (ದಂಡಕಾರಣ್ಯದಲ್ಲಿ, ಗೋದಾವರಿಯ ದಕ್ಷಿಣ ದಂಡೆಯಲ್ಲಿ) ಕರ್ನಾಟಕಕ್ಕೆ ಹೊಂದುತ್ತದೆ, ಕಾಶಿಗೆ ಹೋದಾಗ ಬದಲಿಸಬೇಕು. ಕರಾವಳಿಯಲ್ಲಿ ಪರಶುರಾಮಕ್ಷೇತ್ರ ಎನ್ನುವ ರೂಢಿಯಿದೆ. ಅಮೆರಿಕದ ಪುರೋಹಿತರು ‘ಕ್ರೌಂಚದ್ವೀಪೇ ರಮಣಕವರ್ಷೇ’ ಎನ್ನುತ್ತಾರೆ. ಪುರಾಣದ ಕ್ರೌಂಚದ್ವೀಪವೇ ಅಮೆರಿಕ ಎಂದು ಒಪ್ಪುವುದು ಕಷ್ಟ. ಆದರೂ ಅಲ್ಲಿ ಕೂತು ಗೋದಾವರಿ ದಂಡೆ ಎನ್ನುವುದಕ್ಕಿಂತ ವಾಸಿ.

ಕ್ರಮ ಸರಳ. ಆಚಮನ, ಪ್ರಾಣಾಯಾಮ, ಬಲಗೈಯಲ್ಲಿ ಅಕ್ಷತೆ. ದೇಶಕಾಲ ಮುಗಿದ ಮೇಲೆ ಗೋತ್ರ, ನಕ್ಷತ್ರ, ಹೆಸರು, ಆಮೇಲೆ ಉದ್ದೇಶ. ಸ್ಮಾರ್ತರು ‘ಪರಮೇಶ್ವರಪ್ರೀತ್ಯರ್ಥಂ’, ಮಾಧ್ವರು ‘ವಿಷ್ಣುಪ್ರೇರಣಯಾ ವಿಷ್ಣುಪ್ರೀತ್ಯರ್ಥಂ’ ಎನ್ನುತ್ತಾರೆ. ಕೊನೆಗೆ ಪೂಜೆಯ ಹೆಸರು, ‘ಕರಿಷ್ಯೇ’. ಅಕ್ಷತೆಯ ಮೇಲೆ ಉದ್ಧರಣೆಯಿಂದ (ಪೂಜೆಯ ಚಮಚ) ನೀರು ಬಿಟ್ಟು ತಟ್ಟೆಗೆ ಹಾಕಬೇಕು. ‘ಕರಿಷ್ಯೇ’ ಬಾಯಿಗೆ ಬರುವ ಮೊದಲೇ ಗಡಬಡಿಸಿ ನೀರು ಬಿಡುವವರೇ ಹೆಚ್ಚು.

ಆ ಕ್ರಿಯಾಪದದಲ್ಲೂ ಒಂದು ಸೂಕ್ಷ್ಮವಿದೆ. ಪಾಣಿನಿಯ ವ್ಯಾಕರಣದ ಪ್ರಕಾರ ಫಲ ಮಾಡುವವನಿಗೇ ಸೇರಿದರೆ ಆತ್ಮನೇಪದ ಎಂಬ ಕ್ರಿಯಾರೂಪ: ‘ಕರಿಷ್ಯೇ’. ಯಜಮಾನನ ಪರವಾಗಿ ಪುರೋಹಿತರೇ ಪೂಜೆ ಮಾಡಿದರೆ ‘ಕರಿಷ್ಯಾಮಿ’, ಆಗ ಯಜಮಾನನ ಗೋತ್ರವೂ ‘ಗೋತ್ರೋತ್ಪನ್ನಸ್ಯ’ (ಇಂಥ ಗೋತ್ರದಲ್ಲಿ ಹುಟ್ಟಿದವನ) ಆಗುತ್ತದೆ. ಹೆಂಗಸರೇ ಕೂತು ವರಮಹಾಲಕ್ಷ್ಮೀ ವ್ರತ ಮಾಡುವಾಗ ‘ಗೋತ್ರೋತ್ಪನ್ನಾ’ ಎನ್ನಬೇಕು. ಗಂಡಸರಿಗಾಗಿ ಅಚ್ಚಾದ ಪುಸ್ತಕ ನೋಡಿ ‘ಗೋತ್ರೋತ್ಪನ್ನಃ’ ಎಂದು ಓದಿಬಿಡುವುದೇ ಜಾಸ್ತಿ.