ಸೆಬುವಾನೊ–ಕನ್ನಡ ಪದಪಟ್ಟಿ ಅಪ್‌ಡೇಟ್: ‘ಬುಹಿ’ ಹತ್ರ ಬಂದು ನಿಂತಿದೆ

ಈ ಸಲ ಪಟ್ಟಿ ಜಾಸ್ತಿ ಮುಂದೆ ಹೋಗಿಲ್ಲ. ‘ತಪ್ಪಿಸ್ಕೊಳ್ಳೋದು’ ಅನ್ನೋ ಗುಂಪಿನ ಪದಗಳನ್ನ ಒಂದೇ ಏಟಿಗೆ ಮುಗಿಸಿ ಅಡುಗೆಮನೆ ಪದಗಳಿಗೆ ಹೋಗೋಣ ಅಂತಿದ್ದೆ, ಆದ್ರೆ ‘ಬುಹಿ’ ಅನ್ನೋ ಎರಡಕ್ಷರದ ಪದ ರಜೆಯ ಅರ್ಧ ತಿಂದು ಹಾಕಿದೆ. ಹೋಗ್ಲಿ, ಇದಕ್ಕಿಂತ ಮಜವಾದ ಪದ ಇದುವರೆಗೆ ಪಟ್ಟಿಗೆ ಬಂದಿಲ್ಲ.

ಹೊಸದಾಗಿ ಓದೋರಿಗೆ ಎರಡು ಮಾತು. ನಾನು ಹಡಗಲ್ಲಿ ಎಂಜಿನ್ ರೂಮ್ ಕೆಲಸದವನು, ಊರು ಕುಂದಾಪುರ ಕಡೆ. ನಮ್ಮ ಹಡಗುಗಳಲ್ಲಿ ಫಿಲಿಪೀನ್ಸ್‌ನೋರು ಇಲ್ದೆ ಕೆಲಸ ನಡಿಯಲ್ಲ, ಮೆಸ್ ರೂಮಲ್ಲಿ ಕೂತ್ರೆ ಕಿವಿಗೆ ಬೀಳೋದು ಅವರ ಮಾತೇ. ಫಿಲಿಪೀನ್ಸ್ ಅಂದ್ರೆ ಟಗಾಲೊಗ್ ಭಾಷೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಆದ್ರೆ ಸೆಬು, ಬೊಹೋಲ್, ಪೂರ್ವ ನೀಗ್ರೋಸ್, ಲೇತೆಯ ಒಂದು ಭಾಗ, ಕೆಳಗೆ ಮಿಂಡನಾವೊದಲ್ಲಿ ದಾವೊ, ಕಾಗಯಾನ್ ದೆ ಓರೊ, ಈ ಕಡೆಯೋರು ತಮ್ಮ ತಮ್ಮಲ್ಲಿ ಆಡೋದು ಸೆಬುವಾನೊ, ಅವರ ಬಾಯಲ್ಲಿ ‘ಬಿಸಾಯಾ’. ಗೆಳೆಯನನ್ನ ಅವರು ‘ಬಾಯ್’ ಅಂತ ಕರೀತಾರೆ, ನಮ್ಮ ಉತ್ತರದ ಹುಡುಗ್ರು ‘ಭಾಯ್’ ಅಂತಾರೆ, ಹಂಗಾಗಿ ಯಾರಾದ್ರೂ ಒಬ್ರು ಕೂಗಿದ್ರೆ ಎರಡೂ ದೇಶದೋರು ತಿರುಗಿ ನೋಡ್ತಾರೆ. ಅಲ್ಲಿ ಶುರುವಾದ ಹುಚ್ಚು ಇದು.

ಕೆಲಸ ನಡಿಯೋ ರೀತಿ ಹಿಂಗೆ: ಫೋನಲ್ಲೊಂದು ಶೀಟ್, ಅದ್ರಲ್ಲಿ ಸೆಬುವಾನೊ ಪದ, ಕನ್ನಡ ಲಿಪಿಯಲ್ಲಿ ಉಚ್ಚಾರ, ಕನ್ನಡ ಅರ್ಥ, ಒಂದು ಉದಾಹರಣೆ ವಾಕ್ಯ. ವಾಕ್ಯವನ್ನ ಬೊಹೋಲಿನ ಒಬ್ಬ ಆಯಿಲರ್ (ಎಂಜಿನ್ ರೂಮಲ್ಲಿ ಎಣ್ಣೆ ಹಾಕೋ ಕೆಲಸದವನು) ಗೆಳೆಯ ವಾಯ್ಸ್ ನೋಟ್ ಮಾಡಿ ಕಳಿಸ್ತಾನೆ. ಡಿಕ್ಷನರಿ ಅಂದ್ರೆ ಜಾನ್ ವುಲ್ಫ್ ಅವರದ್ದು, 1972ರಲ್ಲಿ ಬಂದ ಎರಡು ಸಂಪುಟದ ದೊಡ್ಡ ನಿಘಂಟು, ಈಗ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಫ್ರೀಯಾಗಿ ಸಿಗತ್ತೆ. ಒಂದು ವಿಷ್ಯ ಗೊತ್ತಿಲ್ದಿದ್ರೆ ಅದ್ರಲ್ಲಿ ಏನೂ ಸಿಗಲ್ಲ: ವುಲ್ಫ್ ಬಳಸೋದು ಅ, ಇ, ಉ ಮೂರೇ ಸ್ವರ. ಜನ ‘ಮನೊಕ್’ ಅಂತ ಬರಿಯೋ ಕೋಳಿ ಅಲ್ಲಿ ‘ಮನುಕ್’, ಹಂದಿ ‘ಬಾಬೊಯ್’ ಅಲ್ಲಿ ‘ಬಾಬುಯ್’. ಆಮೇಲೆ ಎಲ್ಲಾ ಧಾತುವಿನ ಕೆಳಗೆ, ಅಂದ್ರೆ ಹಿಂದೆ ಮುಂದೆ ಅಂಟಿರೋ ಪ್ರತ್ಯಯಗಳನ್ನ ಸುಲಿದು ಒಳಗಿನ ಪದ ಹುಡುಕ್ಬೇಕು.

ಮೊದ್ಲು ಸಲೀಸಾಗಿ ಕೂತ ಪದಗಳು. ‘ಇಕ್ಯಾಸ್’ ಅಂದ್ರೆ ಹಿಡಿಯೋರ ಕೈಯಿಂದ ಪರಾರಿಯಾಗೋದು, ಪೊಲೀಸ್ ಸುದ್ದಿಗಳಲ್ಲಿ ‘ನಾಕಇಕ್ಯಾಸ್’ ಅಂತ ಬರ್ತಾನೇ ಇರತ್ತೆ, ನಮ್ಮ ಪೇಪರಿನ ‘ಆರೋಪಿ ಪರಾರಿ’ ಇದೆಯಲ್ಲ, ಅದೇ. ‘ಕಲಗಿವ್’ ಅಂದ್ರೆ ಅಪಾಯ ಕಂಡು ಜಾಗ ಬಿಟ್ಟು ಓಡೋದು. ಬಂದೂಕಿನ ಗಲಾಟೆಗೋ ಚಂಡಮಾರುತಕ್ಕೋ ಮನೆ ಬಿಟ್ಟು ಬಂದೋರಿಗೆ ಮಾತ್ರ ಬೇರೇನೇ ಒಂದು ಪದ ಇದೆ, ‘ಬಕ್ವಿಟ್’, ಇಂಗ್ಲಿಷಿನ ಇವ್ಯಾಕ್ಯುಯೇಟ್ ಅಲ್ಲಿನ ನಾಲಿಗೆಯಲ್ಲಿ ಉರುಳಿ ಉರುಳಿ ಹಂಗಾಗಿದೆ. ‘ಲಾಯಾಸ್’ ಮನೆ ಬಿಟ್ಟು ಹೋಗೋದು. ‘ಲುಸೊಟ್’ಗೆ ನಮ್ಮ ‘ನುಸುಳು’ ಹೇಳಿ ಮಾಡಿಸಿದ ಹಾಗಿದೆ, ಬೇಲಿಯ ಕಂಡಿಯಲ್ಲಿ ತೂರೋದೂ ಲುಸೊಟ್, ಪರೀಕ್ಷೆಯಲ್ಲಿ ಹೆಂಗೋ ಪಾಸಾಗೋದೂ ಲುಸೊಟ್, ಇನ್ನು ನೆಪ ಹೇಳಿ ಜಾರ್ಕೊಳ್ಳೋನ ಆ ನೆಪ ‘ಪಲುಸೊಟ್’. ಇವಿಷ್ಟಕ್ಕೂ ಒಂದೊಂದು ಸಾಲು ಸಾಕಾಯ್ತು.

ಆಮೇಲೆ ಬಂತು ಬುಹಿ.

ನಂಗೆ ಇದು ಮೊದ್ಲು ಸಿಕ್ಕಿದ್ದು ‘ನಾಕಬುಹಿ ಅಙ್ ಮನೊಕ್’ ಅನ್ನೋ ವಾಕ್ಯದಲ್ಲಿ, ಕೋಳಿ ಕಟ್ಟು ಬಿಚ್ಕೊಂಡು ಹೋಯ್ತು ಅಂತ. ಅಲ್ಲಿ ಹುಂಜದ ಕಾಲಿಗೆ ದಾರ ಕಟ್ಟಿ ಮನೆ ಮುಂದೆ ಗೂಟಕ್ಕೆ ಬಿಗಿಯೋದು ಎಲ್ಲಾ ಊರಲ್ಲೂ ಕಾಣೋ ದೃಶ್ಯ, ಯಾಕಂದ್ರೆ ಕೋಳಿ ಅಂಕ, ಸೆಬುವಾನೊದಲ್ಲಿ ‘ಬುಲಙ್’, ಅಲ್ಲಿ ಅಷ್ಟು ಜೋರು. (ನಮ್ಮ ಕರಾವಳಿಯೋರಿಗೆ ಇದನ್ನ ಜಾಸ್ತಿ ಬಿಡಿಸಿ ಹೇಳ್ಬೇಕಾಗಿಲ್ಲ.) ಕಟ್ಟಿದ್ದು, ಹಿಡಿದಿದ್ದು, ಗೂಡಲ್ಲಿದ್ದು ಬಿಚ್ಕೊಂಡು ಹೋದ್ರೆ ನಾಕಬುಹಿ. ಇಲ್ಲಿವರೆಗೆ ತೊಂದ್ರೆ ಇಲ್ಲ, ‘ತಪ್ಪಿಸಿಕೊ’ ಅಂತ ಬರ್ದು ಮುಂದೆ ಹೋಗ್ಬಹುದಿತ್ತು.

ಆದ್ರೆ ಅದೇ ಬುಹಿಗೆ ಬಾಲ ಅಂಟಿಸಿದ್ರೆ ಓಡಿ ಹೋಗೋನು ಪಕ್ಕಕ್ಕೆ ಸರಿದು, ಬಿಡೋನು ಮುಂದೆ ಬರ್ತಾನೆ. ಯಾರಾದ್ರೂ ಕೈ ಗಟ್ಟಿ ಹಿಡ್ಕೊಂಡ್ರೆ ‘ಬುಹಿಇ ಕೊ!’ ಅಂತ ಕೂಗ್ತಾರೆ, ಬಿಡೋ ನನ್ನ ಅಂತ. ಜೈಲಿಂದ ಬಿಟ್ರೆ ‘ಗಿಬುಹಿಅನ್’. ಅಣೆಕಟ್ಟಿಂದ ನೀರು ಬಿಟ್ರೂ ಅದೇ. ಸಿಟ್ಟಲ್ಲಿ ಮಾತು ಬಿಟ್ರೂ ಅದೇ. ಇದನ್ನ ನೋಡಿದ್ ಕೂಡ್ಲೇ ನಂಗೆ ಖುಷಿಯಾಯ್ತು, ಇಂಗ್ಲಿಷಲ್ಲಾದ್ರೆ ಎಲ್ಲಾ ಕಡೆಗೂ ಒಂದೇ ಕ್ರಿಯಾಪದ ಒಗ್ಗಲ್ಲ, ಕನ್ನಡದಲ್ಲಿ ಕೈ ಬಿಡು, ಕೈದಿನ ಬಿಡು, ಕೆಆರ್‌ಎಸ್‌ನಿಂದ ನೀರು ಬಿಡು, ಬಾಯಿ ಬಿಡು, ಎಲ್ಲಕ್ಕೂ ಒಂದೇ ‘ಬಿಡು’. ಎರಡು ಭಾಷೆಗೂ ನಂಟೇ ಇಲ್ಲ, ಆದ್ರೂ ಇಷ್ಟು ದೂರ ಜೊತೆಗೆ ನಡೀತವೆ.

ಜೊತೆ ಬಿಟ್ಟುಹೋಗೋದು ಮುಂದಿನ ಅರ್ಥದಲ್ಲಿ. ಬುಹಿ ಅಂದ್ರೆ ಜೀವಂತ ಅಂತಾನೂ ಹೌದು! ‘ಬುಹಿ ಪಾ’ ಅಂದ್ರೆ ಇನ್ನೂ ಬದುಕಿದೆ. ಅದ್ರಿಂದ ‘ಕಿನಬುಹಿ’, ಜೀವನ. ಅದ್ರಿಂದ ‘ಪಙಿನಬುಹಿ’, ಹೊಟ್ಟೆಪಾಡು, ಜೀವನೋಪಾಯ. ಮನಿಲಾದೋರ ‘ಮಬುಹಾಯ್’ ಎಲ್ರಿಗೂ ಗೊತ್ತು, ಬಿಸಾಯಾದಲ್ಲಿ ಅದು ‘ಮಬುಹಿ’, ಚಿರಾಯುವಾಗಲಿ ಅನ್ನೋ ಜೈಕಾರ. ಇಷ್ಟು ಸಾಲ್ದು ಅಂತ ‘ಮಗ್‌ಬುಹಿ ಒಗ್ ಬಾಬೊಯ್’ ಅಂದ್ರೆ ಹಂದಿ ಸಾಕೋದು, ಸಾಕಿದ ಪ್ರಾಣಿ ‘ಬಿನುಹಿ’. ಅಂದ್ರೆ ನೋಡಿ, ಬಿನುಹಿ ಹಂದಿಯೊಂದು ಗೂಡು ಮುರಿದು ಓಡಿದ್ರೆ ನಾಕಬುಹಿ, ಸಂಜೆ ಸಿಕ್ಕಾಗ ಬುಹಿ ಪಾ. ಸಾಕಿ ಕಟ್ಟಿಹಾಕೋದಕ್ಕೂ, ಕಟ್ಟು ಬಿಚ್ಕೊಂಡು ಓಡೋದಕ್ಕೂ ಬರವಣಿಗೆಯಲ್ಲಿ ಒಂದೇ ಪದ.

ನಮ್ಮ ‘ಬಿಡು’ ಜೀವದ ಪಕ್ಕ ನಿಂತ್ರೆ ಉಲ್ಟಾ ಹೊಡಿಯತ್ತೆ, ‘ಜೀವ ಬಿಟ್ಟ’ ಅಂದ್ರೆ ಸತ್ತ. ಸಾವಿಗೆ ಅವರು ಬಿಡೋದ್ರ ಗೊಡವೆಗೇ ಹೋಗಲ್ಲ, ‘ನಬುಗ್ತೊ ಅಙ್ ಗಿನ್ಹಾವಾ’ ಅಂತಾರೆ, ಉಸಿರು ತುಂಡಾಯ್ತು, ದಾರ ಕಡಿದ ಹಾಗೆ. ಹಂಗಾಗಿ ಅರ್ಥದ ಕಾಲಮ್ಮಲ್ಲಿ ‘ಬಿಡು’ ಒಂದನ್ನೇ ಹಾಕಿ ಕೈತೊಳ್ಕೊಳ್ಳೋಕೆ ಆಗಲ್ಲ.

ಆಯಿಲರ್ ಗೆಳೆಯನ ಹತ್ರ ಉದಾಹರಣೆ ವಾಕ್ಯ ಕೇಳಿದ್ದಕ್ಕೆ ಅವನು ಕಳಿಸಿದ್ದು ತನಗೆ ಬಂದ ಹಳೇ ಮೆಸೇಜ್ ಒಂದನ್ನ. 2021ರ ಡಿಸೆಂಬರ್ 16ಕ್ಕೆ ಒಡೆಟ್ ಚಂಡಮಾರುತ ಮೊದ್ಲು ಸಿಯಾರ್ಗಾವ್ ದ್ವೀಪಕ್ಕೆ ಬಡಿದು, ದಕ್ಷಿಣ ಲೇತೆ, ಬೊಹೋಲ್, ಸೆಬು ಎಲ್ಲಾ ಉಜ್ಜಿಕೊಂಡು ಹೋಗಿತ್ತಲ್ಲ, ಬೇರೆ ದೇಶದ ಸುದ್ದಿಗಳಲ್ಲಿ ಅದರ ಹೆಸರು ರಾಯ್. ಬೊಹೋಲಲ್ಲಿ ಕರೆಂಟೂ ಇಲ್ಲ ಸಿಗ್ನಲ್ಲೂ ಇಲ್ಲ. ಇವನು ಆಗ ಸಮುದ್ರದ ಮಧ್ಯ ಡ್ಯೂಟಿಯಲ್ಲಿ, ಮನೆಯಿಂದ ಒಂದು ಮಾತಿಲ್ಲ. ಕೊನೆಗೆ ಹೆಂಡತಿಯಿಂದ ಬಂದಿದ್ದು ಮೂರೇ ಪದ: ‘ಬುಹಿ ಮಿ ತನನ್’. ಎಲ್ರೂ ಬದುಕಿದೀವಿ. ಇದು ಜೀವಂತ ಅನ್ನೋ ಬುಹಿನೋ, ಪಾರಾದ್ವಿ ಅನ್ನೋ ಬುಹಿನೋ ಅಂತ ನಾನು ಕೇಳ್ದೆ. ಜೀವಂತ ಅನ್ನೋದೇ, ಬಾಯಲ್ಲಿ ಹೇಳಿದ್ರೆ ಉಚ್ಚಾರದಲ್ಲೇ ಗೊತ್ತಾಗತ್ತಲ್ಲ ಬಾಯ್ ಅಂದ.

ಉಚ್ಚಾರದ ಗುಟ್ಟು ಒತ್ತಲ್ಲಿದೆ, ಅಂದ್ರೆ ಯಾವ ಅಕ್ಷರವನ್ನ ದನಿ ಎತ್ತಿ ಹೇಳ್ತಾರೆ ಅನ್ನೋದ್ರಲ್ಲಿ. ಜೀವಂತ ಅನ್ನೋ ಬುಹಿಗೆ ಒತ್ತು ‘ಹಿ’ ಮೇಲೆ, ಬಿಚ್ಕೊಂಡು ಹೋಗೋ ಬುಹಿಗೆ ಒತ್ತು ‘ಬು’ ಮೇಲೆ. ಎರಡರ ಕೊನೆಯಲ್ಲೂ ಗಂಟಲು ಟಕ್ ಅಂತ ಮುಚ್ಚತ್ತೆ. ದಿನನಿತ್ಯದ ಬರವಣಿಗೆಯಲ್ಲಿ ಒತ್ತನ್ನೂ ತೋರ್ಸಲ್ಲ, ಗಂಟಲು ಕಟ್ಟೋದನ್ನೂ ತೋರ್ಸಲ್ಲ, ಫೇಸ್‌ಬುಕ್ಕಲ್ಲಿ ಎಲ್ಲಾ ಬರೀ ಬುಹಿ. ವುಲ್ಫ್ ಮಾತ್ರ ಮೇಲೆ ಗೀಟು ಹಾಕಿ ಬೇರೆ ಮಾಡ್ತಾರೆ. ಕನ್ನಡ ಲಿಪಿಯಲ್ಲಿ ಇದಕ್ಕೆ ವ್ಯವಸ್ಥೆ ಇಲ್ಲ, ಸದ್ಯಕ್ಕೆ ಒತ್ತು ಬೀಳೋ ಅಕ್ಷರವನ್ನ ಶೀಟಲ್ಲಿ ದಪ್ಪ ಮಾಡಿದೀನಿ, ಗಂಟಲು ಕಟ್ಟೋದಕ್ಕೆ ಕೊನೆಯಲ್ಲೊಂದು ಗುರುತು. ಅದ್ರ ಬದಲಿಗೆ ಇನ್ನೊಂದು ಲಾಭ ಸಿಕ್ಕಿದೆ: ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರೋ ‘ಙ’ಗೆ ಕೊನೆಗೂ ಕೆಲಸ. ಅಙ್, ಙಾ, ಪಙಿನಬುಹಿ ಅಂತ ಸೆಬುವಾನೊದಲ್ಲಿ ಅದು ಇಲ್ದೆ ಒಂದು ವಾಕ್ಯ ದಾಟೋದು ಕಷ್ಟ. ಒಂದನೇ ಕ್ಲಾಸಲ್ಲಿ ತಿದ್ದಿದ್ದು ವೇಸ್ಟಾಗಿಲ್ಲ.

ಈಗ ಕನ್ನಡ ಕಾಲಮ್. ‘ಬಿಡು’ ಮುಗ್ಗರಿಸಿದ ಮೇಲೆ ಕೈಗೆ ಸಿಕ್ಕಿದ್ದು ‘ಬದುಕು’, ಇದು ನಾನು ಎಣಿಸಿದ್ದಕ್ಕಿಂತ ದೂರ ಬರ್ತಿದೆ. ಬದುಕು ಅಂದ್ರೆ ಜೀವನ, ಅಲ್ಲಿಗೆ ಕಿನಬುಹಿ ಆಯ್ತು. ಹಳೇ ಜನ ‘ಬದುಕು ಮಾಡು’ ಅಂದ್ರೆ ದುಡಿದು ಸಂಸಾರ ತೂಗಿಸೋದು, ಅಲ್ಲಿಗೆ ಪಙಿನಬುಹಿನೂ ಆಯ್ತು. ಆಮೇಲೆ ನಾಯಿ ಅಟ್ಟಿಸ್ಕೊಂಡು ಬಂದಾಗ ‘ಬದುಕಿದೆಯಾ ಬಡಜೀವವೇ’ ಅಂತ ಓಡಿ ಗೇಟ್ ಹಾಕ್ಕೋತೀವಲ್ಲ, ಅಲ್ಲಿ ಬದುಕೋದು ಅಂದ್ರೆ ಪಕ್ಕಾ ತಪ್ಪಿಸ್ಕೊಳ್ಳೋದೇ. ನಮ್ಮಲ್ಲೂ ಇವೆರಡೂ ಒಂದೇ ಜಗಲಿ ಮೇಲೆ ಕೂತಿವೆ ಅಂತಾಯ್ತು. ಆದ್ರೆ ಕಟ್ಟು ಬಿಚ್ಕೊಂಡ ಕೋಳಿಗೆ ‘ಕೋಳಿ ಬದುಕ್ತು’ ಅನ್ನೋಕೆ ಬರಲ್ಲ, ಹಂಗಂದ್ರೆ ಸಾರು ಕ್ಯಾನ್ಸಲ್ ಆಯ್ತು ಅಂತ ಅರ್ಥ.

ಹಂಗಾಗಿ ತೀರ್ಮಾನ: ಬುಹಿಗೆ ಒಂದು ಸಾಲಲ್ಲ, ಮೂರು. ಕೊನೆ ಒತ್ತಿನ ಬುಹಿ ಒಂದು, ಅರ್ಥ ‘ಬದುಕಿರೋ’, ಕೆಳಗೆ ಕಿನಬುಹಿ, ಪಙಿನಬುಹಿ. ಸಾಕೋ ಬುಹಿ ಎರಡನೇದು, ಅರ್ಥ ‘ಸಾಕು’, ಕೆಳಗೆ ಬಿನುಹಿ. ಮೊದಲ ಒತ್ತಿನ ಬುಹಿ ಮೂರನೇದು, ಅದ್ರಲ್ಲಿ ತಾನಾಗೇ ಹೋದ್ರೆ ‘ಬಿಚ್ಚಿಕೊಂಡು ಹೋಗು’, ಇನ್ನೊಬ್ರು ಮಾಡಿದ್ರೆ ‘ಬಿಡು’. ‘ತಪ್ಪಿಸಿಕೊ’ ಅನ್ನೋದನ್ನ ಬುಹಿಯಿಂದ ಪೂರ್ತಿ ತೆಗ್ದು ಇಕ್ಯಾಸ್‌ಗೆ ಕೊಟ್ಟಿದೀನಿ, ಯಾಕಂದ್ರೆ ತಪ್ಪಿಸ್ಕೊಳ್ಳೋದ್ರಲ್ಲಿ ಸ್ವಲ್ಪ ಪ್ಲಾನ್ ಇರತ್ತೆ, ಗಂಟು ಸಡಿಲ ಆಗಿ ಅಂಗಳಕ್ಕೆ ಓಡಿದ ಕೋಳಿಗೆ ಅಂಥ ಪ್ಲಾನೇನೂ ಇಲ್ಲ. ಗೆಳೆಯ ಮಾತ್ರ ಒಪ್ತಿಲ್ಲ, ಅವನ ಊರಿನ ಹುಂಜಗಳ ಬಗ್ಗೆ ನಿಂಗೇನು ಗೊತ್ತು ಅಂತಾನೆ.

ಬಾಕಿ ಇರೋದು: ಮೂರೂ ಸಾಲಿಗೆ ವಾಯ್ಸ್ ನೋಟ್ ಬರ್ಬೇಕು, ಅವನು ಬೊಹೋಲಿನೋನಾದ್ರಿಂದ ‘ಯ’ ಬರೋ ಕಡೆ ‘ಜ’ ಅಂತಾನೆ, ‘ಮಾಆಯೊ’ ಅವನ ಬಾಯಲ್ಲಿ ‘ಮಾಆಜೊ’, ಸೆಬು ನಗರದೋರು ನೋಡಿದ್ರೆ ಪದದ ಮಧ್ಯದ ‘ಲ’ ನುಂಗಿ ‘ಬಲಾಯ್’ (ಮನೆ) ಅನ್ನೋದನ್ನ ‘ಬಾಯ್’ ಮಾಡ್ತಾರೆ, ಅದಕ್ಕೆ ಸೆಬು ಕಡೆಯ ಇನ್ನೊಂದು ದನಿನೂ ಹುಡುಕ್ತಿದೀನಿ. ಆಮೇಲೆ ಇದನ್ನ ಓದ್ತಿರೋ ಉತ್ತರ ಕರ್ನಾಟಕದೋರಿಗೆ, ಮಲೆನಾಡಿನೋರಿಗೆ ಒಂದು ಪ್ರಶ್ನೆ: ದನ ಹಗ್ಗ ಕಿತ್ಕೊಂಡು ಹೋದ್ರೆ ನಿಮ್ಮಲ್ಲಿ ಏನಂತೀರಿ? ಒಂದೇ ಮಾತಲ್ಲಿ ಹೇಳೋ ಪದ ಇದ್ರೆ ಮೂರನೇ ಸಾಲಿಗೆ ಅದನ್ನೇ ಹಾಕ್ತೀನಿ, ‘ಬಿಚ್ಚಿಕೊಂಡು ಹೋಗು’ ತುಂಬಾ ಉದ್ದ ಆಯ್ತು, ಫೋನಲ್ಲಿ ಆ ಕಾಲಮ್ಮೊಳಗೆ ಹಿಡಿಸ್ತಿಲ್ಲ.