ಒಂದೇ ಡ್ರೈವರ್‌ಗೆ ಇಡೀ ಕರ್ನೆಲ್ ಯಾಕೆ?

ಪುಣೆಯಲ್ಲಿ ಗುರುವಾರ ಬಂತೆಂದರೆ ಕರೆಂಟಿಗೆ ರಜೆ. ನಮ್ಮ ಕಾಲದವರಿಗೆಲ್ಲ ಇದು ಗೊತ್ತು. ಹಾಗಾಗಿ ಬುಧವಾರ ಸಂಜೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಅನ್ನು ಇಡಿಯಾಗಿ ಕಂಪೈಲ್ ಮಾಡಲು (ಸೋರ್ಸ್ ಕೋಡನ್ನು ಓಡುವ ರೂಪಕ್ಕೆ ತರಲು) ಕೂತವರನ್ನು ನೋಡಿ ನಮ್ಮ ಲ್ಯಾಬ್ ಸರ್ ನಗುತ್ತಿದ್ದರು. ಅವರು ಗದಗಿನ ಕಡೆಯವರು. ಕ್ಲಾಸಿನಲ್ಲಿ ಮರಾಠಿ, ಇಂಗ್ಲಿಷ್. ನಮ್ಮಂಥ ನಾಲ್ಕೈದು ಕನ್ನಡದ ಹುಡುಗರ ಜೊತೆ ಮಾತ್ರ ಖಡಕ್ ಊರ ಮಾತು.

2005ರ ಸುಮಾರಿನ ಮಾತು. ಲ್ಯಾಬಿನ ಮಷಿನ್‌ಗಳಲ್ಲೆಲ್ಲ ರಿಯಲ್‌ಟೆಕ್ 8139 ನೆಟ್‌ವರ್ಕ್ ಕಾರ್ಡ್ ಇತ್ತು. ಮೂಲೆಯ ಎರಡು ಹಳೆ ಮಷಿನ್‌ಗಳಲ್ಲಿ ದೊಡ್ಡ ಫೈಲ್ ಕಳಿಸಿದರೆ ಅರ್ಧಕ್ಕೇ ನೆಟ್ ಬಂದ್. ಡಿಮೆಸೇಜ್ (ಕರ್ನೆಲ್‌ನ ಸಂದೇಶಗಳ ಪಟ್ಟಿ) ತೆಗೆದರೆ ‘ಟ್ರಾನ್ಸ್‌ಮಿಟ್ ಟೈಮ್ಡ್ ಔಟ್’ ಅಂತ ಸಾಲು ಸಾಲು. ಅದೇ ಕಾರ್ಡನ್ನು ಪಕ್ಕದ ಮಷಿನ್‌ಗೆ ಹಾಕಿದರೆ ಚೆನ್ನಾಗಿ ಓಡುತ್ತಿತ್ತು. ಅಂದರೆ ತಕರಾರು ಮದರ್‌ಬೋರ್ಡಿನದು.

ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಕರ್ನೆಲ್‌ನ ತುಣುಕು, ಈ ಕಾರ್ಡಿನ ರಿಜಿಸ್ಟರ್‌ಗಳನ್ನು (ಅದರೊಳಗಿನ ಪುಟ್ಟ ನಿಯಂತ್ರಣ ಖಾನೆಗಳನ್ನು) ಎರಡು ದಾರಿಯಲ್ಲಿ ಮುಟ್ಟಬಹುದು. ಒಂದು ಮೆಮೊರಿ ವಿಳಾಸದ ಮೂಲಕ, ಇನ್ನೊಂದು ಹಳೆಯ ಐಓ ಪೋರ್ಟ್‌ಗಳ ಮೂಲಕ. ಕೆಲವು ಬೋರ್ಡ್‌ಗಳಲ್ಲಿ ಮೊದಲನೆಯದು ಕೈಕೊಡಬಹುದು ಅಂತ ಕರ್ನೆಲ್ ಕಾನ್ಫಿಗ್‌ನ (ಕಟ್ಟುವ ಮುಂಚಿನ ಆಯ್ಕೆಗಳ ಪಟ್ಟಿಯ) ಹೆಲ್ಪ್‌ನಲ್ಲೇ ಬರೆದಿತ್ತು. ಆದರೆ ಯಾವ ದಾರಿ ಅನ್ನೋದನ್ನು ಆಗ ಕಂಪೈಲ್ ಮಾಡುವಾಗಲೇ ಆರಿಸಬೇಕಿತ್ತು. ಸರಿ, ಕರ್ನೆಲ್ ಪೂರ್ತಿ ಕಟ್ಟೋಣ ಅಂತ ನಾವು ಹೊರಟೆವು.

“ಒಂದ ಹಲ್ಲು ನೋಯಾಕತ್ತಿದ್ರ ಮೂವತ್ತೆರಡೂ ಕೀಳಸ್ತೀಯೇನ?” ಅಂದರು ಸರ್.

ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಈಗ ಯಾವ ಕರ್ನೆಲ್ ಓಡಾಕತ್ತೈತಿ?” ಯೂನೇಮ್ -ಆರ್ ಹೊಡೆದು, ಬಂದ ಉತ್ತರವನ್ನು ಬಾಲದ ಸಮೇತ ಬೋರ್ಡಿನ ಮೇಲೆ ಬರೆಯಬೇಕು. ಬಾಲ ಅಂದರೆ 2.6 ಅಂತ ಶುರುವಾಗುವ ನಂಬರಿನ ಹಿಂದೆ ಡಿಸ್ಟ್ರೋದವರು (ಲಿನಕ್ಸ್ ಕಟ್ಟಿ ಹಂಚುವವರು) ಅಂಟಿಸುವ ಅಂಕಿ-ಅಕ್ಷರ. ಅದು ಯಾಕೆ ಬೇಕು ಅಂತ ತೋರಿಸಲು ಸರ್ ಬೇಕಂತಲೇ ಡಿಸ್ಟ್ರೋದ್ದಲ್ಲದ, ಕರ್ನೆಲ್ ಡಾಟ್ ಆರ್ಗ್‌ನ ಮೂಲ ಸೋರ್ಸ್ ಇಟ್ಟುಕೊಂಡು ಆ ಡ್ರೈವರ್ ಒಂದನ್ನೇ ಮಾಡ್ಯೂಲ್ (ಓಡುವ ಕರ್ನೆಲ್‌ಗೆ ಆಮೇಲೆ ಸೇರಿಸಬಹುದಾದ ತುಣುಕು) ಆಗಿ ಕಟ್ಟಿಸಿದರು. ಅದನ್ನು ಒಳಗೆ ಹಾಕಲು ಇನ್ಸ್‌ಮಾಡ್ ಹೊಡೆದರೆ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’. ಡಿಮೆಸೇಜ್‌ನಲ್ಲಿ ವರ್ಷನ್ ಮ್ಯಾಜಿಕ್ ಇರುವುದು ಇದು, ಇರಬೇಕಾದದ್ದು ಅದು ಅಂತ ಎರಡೂ ಅಕ್ಕಪಕ್ಕ ಬಂದವು. ವ್ಯತ್ಯಾಸ ಆ ಬಾಲ ಮಾತ್ರ! ಪ್ರತಿ ಡಾಟ್ ಕೆಓ (ಮಾಡ್ಯೂಲ್) ಫೈಲಿನೊಳಗೆ ಇಂಥ ಒಂದು ಸಾಲು ಇರುತ್ತದೆ. ಕರ್ನೆಲ್ ವರ್ಷನ್, ಎಸ್‌ಎಂಪಿ (ಹಲವು ಪ್ರೊಸೆಸರ್‌ಗಳಿಗೆ ಬೆಂಬಲ) ಇದೆಯೋ ಇಲ್ಲವೋ, ಪ್ರೊಸೆಸರ್ ಬಗೆ, ಆಗ ಜಿಸಿಸಿ ಕಂಪೈಲರ್‌ನ ವರ್ಷನ್ ಕೂಡ. ಒತ್ತಾಯದಿಂದ ಒಳಗೆ ತುರುಕುವ ದಾರಿಯೂ ಇದೆ. ಸರ್ ಅದನ್ನು ಮುಟ್ಟಲು ಬಿಡಲಿಲ್ಲ. ಸ್ಟ್ರಕ್ಚರ್‌ಗಳ (ಕರ್ನೆಲ್ ಮಾಹಿತಿ ಇಡುವ ಚೌಕಟ್ಟುಗಳ) ಅಳತೆ ಬೇರೆಯಾಗಿದ್ದರೆ ಮಷಿನ್ ಸೀದಾ ಮಲಗಿಬಿಡುತ್ತದೆ, ಅಲ್ವಾ?

ಆಮೇಲೆ ಓಡುತ್ತಿದ್ದ ಕರ್ನೆಲ್‌ನ ಹೆಡರ್‌ಗಳನ್ನೇ (ಮಾಡ್ಯೂಲ್ ಕಟ್ಟಲು ಬೇಕಾದ ಫೈಲ್‌ಗಳನ್ನು) ಹಾಕಿದೆವು. ಅದೇ ಡಿಸ್ಟ್ರೋದ ಸೋರ್ಸ್‌ನಿಂದ 8139ಟೂ ಅನ್ನುವ ಒಂದೇ ಒಂದು ಸಿ ಫೈಲ್ ತಂದು ಬೇರೆ ಫೋಲ್ಡರ್‌ನಲ್ಲಿಟ್ಟೆವು. ಮೇಲೆ ಜೆಫ್ ಗಾರ್ಜಿಕ್ ಹೆಸರು, ಅವರು ಆಧಾರವಾಗಿಟ್ಟುಕೊಂಡ ಹಳೆ ಡ್ರೈವರ್ ಬರೆದ ಡೊನಾಲ್ಡ್ ಬೆಕರ್ ಹೆಸರೂ ಇತ್ತು. ಐಓ ಪೋರ್ಟ್ ಆಯ್ಕೆಯನ್ನು ಆನ್ ಮಾಡಿ, ‘ಓಬ್ಜ್-ಎಂ’ ಅಂತ ಒಂದು ಸಾಲಿನ ಮೇಕ್‌ಫೈಲ್ (ಏನು ಕಟ್ಟಬೇಕು ಅನ್ನುವ ಸೂಚನೆ) ಬರೆದು, ಮೇಕ್ ಹೊಡೆದೆವು. ಅಮೃತತುಲ್ಯದಲ್ಲಿ ಚಹಾ ಕುಡಿದು ಬರೋಣ ಅಂತ ಎದ್ದವರು ಬಾಗಿಲಿಗೆ ಹೋಗುವಷ್ಟರಲ್ಲಿ ಮುಗಿದಿತ್ತು.

ನಮ್ಮ ಅದೃಷ್ಟಕ್ಕೆ ಆ ಡ್ರೈವರ್ ಮೊದಲೇ ಮಾಡ್ಯೂಲ್ ಆಗಿತ್ತು. ಕರ್ನೆಲ್‌ನೊಳಗೇ ಸೇರಿಹೋಗಿದ್ದರೆ ಹೊರಗೆ ತೆಗೆಯೋಕೆ ಆಗುತ್ತಿರಲಿಲ್ಲ. ಹಳೆಯದನ್ನು ತೆಗೆದ ಕೂಡಲೇ ನೆಟ್ ಹೋಗುತ್ತದೆ. ಅದಕ್ಕೇ ಸರ್ ದೂರದಿಂದ ಲಾಗಿನ್ ಆಗಬೇಡಿ, ಅದೇ ಮಷಿನ್ ಮುಂದೆ ಕೂತೇ ಮಾಡಿ ಅನ್ನುತ್ತಿದ್ದರು. ಹೊಸದು ಒಳಗೆ ಹೋಯಿತು. ದೊಡ್ಡ ಫೈಲ್ ಕಳಿಸಿದೆವು, ಪೂರ್ತಿ ಹೋಯಿತು. ಹೊಸ ಫೈಲನ್ನು ಹಳೆಯದರ ಜಾಗಕ್ಕೆ ಹಾಕಿ, ಡೆಪ್‌ಮಾಡ್ ಹೊಡೆದು ಮಾಡ್ಯೂಲ್‌ಗಳ ಪಟ್ಟಿ ಹೊಸದು ಮಾಡಿ ಮನೆಗೆ ಹೊರಟೆವು. ರೀಬೂಟ್ ಕೂಡ ಬೇಕಾಗಲಿಲ್ಲ.

ಈಗಿನ ಕರ್ನೆಲ್‌ಗಳಲ್ಲಿ ಅದೇ ಆಯ್ಕೆ ಮಾಡ್ಯೂಲ್ ಪ್ಯಾರಾಮೀಟರ್ ಆಗಿದೆ. ಹಾಕುವಾಗ ‘ಯೂಸ್_ಐಓ=1’ ಅಂದರೆ ಸಾಕು, ಕಂಪೈಲೇ ಬೇಡ. ಈಗಿನ ಹುಡುಗ ಹುಡುಗಿಯರು ಆದರೂ ಒಮ್ಮೆ ಕೈಯಾರೆ ಕಟ್ಟಿ ನೋಡಬೇಕು ಅಂತ ನನ್ನ ಆಸೆ. ಆ ಕಾರ್ಡ್ ಹುಡುಕಿಕೊಂಡು ಹೋಗಬೇಕಿಲ್ಲ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಟಿಸುವ ಕ್ಯೂಇಎಂಯು ಸಾಫ್ಟ್‌ವೇರ್ ಇವತ್ತಿಗೂ ಅದರ ಸುಧಾರಿತ ರೂಪವಾದ 8139ಸಿ+ ಅನ್ನು ಅನುಕರಿಸುತ್ತದೆ; ಅದಕ್ಕೆ ಕಟ್ಟಬೇಕಾದ ಡ್ರೈವರ್ ಮಾತ್ರ 8139ಸಿಪಿ. ಗುರುವಾರ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಮುಗಿಯುವಷ್ಟು ಕೆಲಸ.